‘ಆಯತಪ್ಪಿ ಬಿದ್ದು ಸಾವು’ ಎಂದು ಬರೆಯುವುದನ್ನು ನಿಲ್ಲಿಸಿ: ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಕಾರ್ಮಿಕ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಸಣ್ಣ ಕಟ್ಟಡಗಳ ಸೈಟುಗಳಲ್ಲಿ ಸಾಯುತ್ತಿರುವ ಕಾರ್ಮಿಕರ ಬಗ್ಗೆ

ಮಾನ್ಯರೇ,

ನಾನು ಬೆಂಗಳೂರಿನಲ್ಲಿ ಸೈಟ್ ಸೂಪರ್‌ವೈಸರ್. ಡಿಪ್ಲೊಮಾ ಸಿವಿಲ್ ಮುಗಿಸಿ ಈ ಕೆಲಸಕ್ಕೆ ಬಂದು ಹತ್ತೊಂಬತ್ತು ವರ್ಷ ಆಯಿತು. ಶುರುವಿನಲ್ಲಿ ಎರಡು ವರ್ಷ ದೊಡ್ಡ ಅಪಾರ್ಟ್‌ಮೆಂಟ್ ಕೆಲಸದಲ್ಲಿದ್ದೆ. ಆಮೇಲೆ ಇಲ್ಲಿಯವರೆಗೂ ಥರ್ಟಿ ಫಾರ್ಟಿ (30x40 ಅಡಿ) ಸೈಟುಗಳೇ. ಮೂರು ಮಹಡಿಯ ಬಾಡಿಗೆ ಮನೆ, ಪಿಜಿ, ಕೆಳಗೆ ಅಂಗಡಿ ಮೇಲೆ ಮನೆ, ಇಂಥವು. ಈ ಪತ್ರ ಬರೆಯಲು ನಾಲ್ಕು ವರ್ಷ ತಡ ಮಾಡಿದ್ದೇನೆ. ಅದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ, ನಿಮ್ಮನ್ನಲ್ಲ, ಒಬ್ಬ ಹೆಣ್ಣುಮಗಳನ್ನು.

2022ರಲ್ಲಿ ಒಂದು ಪಿಜಿ ಕಟ್ಟಡದ ಕೆಲಸ ನಡೀತಿತ್ತು. ನೆಲದ ಮೇಲೆ ನಾಲ್ಕು ಮಹಡಿ. ಲಿಫ್ಟ್ ಇನ್ನೂ ಬಂದಿರಲಿಲ್ಲ, ಲಿಫ್ಟಿನ ಗುಂಡಿ ಮಾತ್ರ ಮೇಲಿಂದ ಕೆಳಗಿನವರೆಗೆ ತೆರೆದೇ ಇತ್ತು. ಪ್ರತಿ ಮಹಡಿಯಲ್ಲೂ ಅದರ ಬಾಯಿಗೆ ಪ್ಲೈವುಡ್ ಮುಚ್ಚಿ, ಅಡ್ಡಪಟ್ಟಿ ಹೊಡೆಸಿದ್ದೆ. ಮೂರನೇ ಮಹಡಿಯಲ್ಲಿ ಆ ಪಟ್ಟಿಗಳನ್ನು ಯಾರೋ ಹಿಂದಿನ ದಿನ ಕಿತ್ತು ಮೆಟ್ಟಿಲಿನ ಹಸಿ ಕಾಂಕ್ರೀಟನ್ನು ಹೊರುವ ಸೆಂಟ್ರಿಂಗ್‌ಗೆ ಹಾಕಿಕೊಂಡಿದ್ದರು. ಮರ ಸಾಲದು ಅಂತ. ಪ್ಲೈವುಡ್ ಮಾತ್ರ ಹಾಗೇ ಸುಮ್ನೆ ಮಲಗಿತ್ತು. ನೋಡಿದವರಿಗೆ ನೆಲದ ಹಾಗೇ ಕಾಣುತ್ತಿತ್ತು, ಮೇಲೆ ಸಿಮೆಂಟ್ ಧೂಳು ಬೇರೆ ಕೂತಿತ್ತು.

ಬೆಳಗ್ಗೆ ಹನ್ನೊಂದರ ಹೊತ್ತು. ನಾನು ಕೆಳಗೆ ಸಿಮೆಂಟ್ ಮೂಟೆ ಎಣಿಸುತ್ತಿದ್ದೆ. ರಾಯಚೂರು ಕಡೆಯಿಂದ ಗುಳೆ ಬಂದಿದ್ದ ಹುಡುಗ, ಇಪ್ಪತ್ತಾರು ವಯಸ್ಸು, ಇಟ್ಟಿಗೆ ಹೊತ್ತು ಆ ಪ್ಲೈವುಡ್ ಮೇಲೆ ಕಾಲಿಟ್ಟ. ಮೊದಲು ಇಟ್ಟಿಗೆ ಬಿದ್ದ ಸದ್ದು ಕೇಳಿತು. ಆ ಸದ್ದು ಸೈಟಿನಲ್ಲಿ ದಿನವೂ ಇರುವಂಥದ್ದು, ನಾನು ತಲೆ ಎತ್ತಲಿಲ್ಲ. ಆಮೇಲೆ ಮೇಲಿಂದ ಒಬ್ಬ ಕೂಗಿದ. ಅವನ ಹೆಂಡತಿ ಅದೇ ಸೈಟಿನಲ್ಲಿ ಮರಳು ಜರಡಿ ಹಿಡಿಯುತ್ತಿದ್ದಳು. ಓಡಿ ಬಂದು ನನ್ನನ್ನು ಕೇಳಿದಳು, “ಯಾರು ಬಿದ್ದಾರ್ರೀ ಸರ್?” ನನಗೆ ಗೊತ್ತಿತ್ತು. ಹೇಳಲಿಲ್ಲ. “ನೀನು ಆ ಕಡೆ ಹೋಗಮ್ಮ” ಅಂದೆ.

ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಅವನ ಜೀವ ಹೋಯಿತು. ಸಂಜೆ ಹಾಜರಿ ಪುಸ್ತಕ ತೆಗೆದಾಗ ಅವನ ಹೆಸರಿನ ಮುಂದೆ ಏನು ಬರೆಯಬೇಕು ಎಂದು ತಿಳಿಯದೆ ಪೆನ್ನು ಹಿಡಿದು ಕೂತಿದ್ದೆ. ಮೇಸ್ತ್ರಿ ಪಕ್ಕದಲ್ಲಿ ನಿಂತು, “ಅರ್ಧ ದಿನ ಹಾಕಿ ಸಾರ್” ಎಂದ. ಹಾಕಿದೆ.

ಪೊಲೀಸ್ ದೂರಿನಲ್ಲಿ ‘ಆಯತಪ್ಪಿ ಬಿದ್ದು’ ಎಂದು ಬರೆದರು. ಮರುದಿನ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬಂತು, ಅದರಲ್ಲೂ ಅದೇ ಮಾತು. ಮಾನ್ಯರೇ, ಈ ಮಾತಿನ ಅರ್ಥ ಒಮ್ಮೆ ಯೋಚಿಸಿ. ಆಯ ತಪ್ಪಿದವನು ಅವನೇ ಅಂದಮೇಲೆ ತಪ್ಪೂ ಅವನದೇ ಆಯಿತಲ್ಲವಾ? ಅವನ ಆಯ ತಪ್ಪಿರಲಿಲ್ಲ. ನೆಲ ಎಂದು ನಂಬಿ ಕಾಲಿಟ್ಟ, ಅಲ್ಲಿ ನೆಲ ಇರಲಿಲ್ಲ. ಆ ಪಟ್ಟಿ ಕಿತ್ತವರು ಯಾರು, ಕಿತ್ತ ಮೇಲೆ ಬೆಳಗ್ಗೆ ನೋಡಬೇಕಾಗಿದ್ದವರು ಯಾರು ಎಂದು ಯಾರೂ ಕೇಳಲಿಲ್ಲ. ನೋಡಬೇಕಾಗಿದ್ದವನು ನಾನು. ನನ್ನನ್ನೂ ಕೇಳಲಿಲ್ಲ.

ಈ ಹತ್ತೊಂಬತ್ತು ವರ್ಷದಲ್ಲಿ ನಾನು ಕಂಡ, ಪಕ್ಕದ ಸೈಟಿನವರಿಂದ ಕೇಳಿದ ಸಾವುಗಳಿಗೆಲ್ಲ ಕಾರಣ ಬೆರಳಲ್ಲಿ ಎಣಿಸುವಷ್ಟೇ. ಹೊಸ ಕಾರಣದಿಂದ ಯಾರೂ ಸಾಯುತ್ತಿಲ್ಲ.

ಜಾಸ್ತಿ ಸಾಯುವುದು ಬಿದ್ದೇ. ಲಿಫ್ಟಿನ ಗುಂಡಿ, ಡಕ್ಟು, ಪ್ಯಾರಾಪೆಟ್ ಇಲ್ಲದ ತಾರಸಿ ಅಂಚು, ಕೈಹಿಡಿ ಇಲ್ಲದ ಮೆಟ್ಟಿಲು. ಹೊರಗೋಡೆಗೆ ಪ್ಲಾಸ್ಟರಿಂಗ್ ಮಾಡುವವರು ನಿಲ್ಲುವ ಸಾರವೆಯನ್ನು ನೀವು ಹತ್ತಿರದಿಂದ ನೋಡಬೇಕು. ಸರ್ವೆ ಮರ, ತೆಂಗಿನ ಹಗ್ಗ, ಮೇಲೆ ಒಂದೇ ಒಂದು ಹಲಗೆ. ಆ ಹಗ್ಗ ಮೂರು ಸೈಟಿನಲ್ಲಿ ಮಳೆ ಬಿಸಿಲು ತಿಂದು ಬಂದಿರುತ್ತದೆ. ಹಿಡಿದುಕೊಳ್ಳಲು ಅಡ್ಡಗಂಬಿ ಇಲ್ಲ, ಕೆಳಗೆ ಬಲೆ ಇಲ್ಲ. ಸೇಫ್ಟಿ ಬೆಲ್ಟ್ ಕೊಟ್ಟಿದ್ದೇವೆ ಅಂತ ಮಾಲೀಕರು ಹೇಳುತ್ತಾರೆ. ಸರಿ, ಕೊಟ್ಟಿರಬಹುದು. ಅದರ ಕೊಕ್ಕೆಯನ್ನು ಎಲ್ಲಿಗೆ ಸಿಕ್ಕಿಸಬೇಕು? ಅದಕ್ಕೆ ಗಟ್ಟಿಯಾದ ಜಾಗವನ್ನು ಯಾರೂ ಮಾಡಿಕೊಟ್ಟಿರುವುದಿಲ್ಲ. ಅವನು ಅದೇ ಕೊಳೆತ ಹಗ್ಗದ ಸಾರವೆಗೆ ಸಿಕ್ಕಿಸಿಕೊಂಡರೆ ಸಾರವೆಯ ಜೊತೆಗೇ ಬೀಳುತ್ತಾನೆ.

ಎರಡನೆಯದು ಮಣ್ಣು. ಬೆಂಗಳೂರಿನ ಕೆಂಪು ಮಣ್ಣು ಒಣಗಿದ್ದಾಗ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಜೆಸಿಬಿ ಹತ್ತು ಅಡಿ ಇಳಿಸಿದರೂ ಅಲುಗುವುದಿಲ್ಲ. ಅದನ್ನು ನಂಬಿ ಪಾಯಕ್ಕೆ ಆಳುಗಳನ್ನು ಇಳಿಸುತ್ತೇವೆ. ಒಂದು ಮಳೆ ಬಿದ್ದು, ಪಕ್ಕದ ಮನೆಯ ಡ್ರೈನೇಜ್ ನೀರು ಒಳಗೊಳಗೇ ಇಳಿದಿದ್ದರೆ ಆ ಗೋಡೆ ಒಂದೇ ಸಲ ಬರುತ್ತದೆ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. ತಲೆ ಹೊರಗಿದ್ದರೂ ಎದೆಯವರೆಗೆ ಮುಚ್ಚಿದರೆ ಸಾಕು, ಉಸಿರು ಎಳೆದುಕೊಳ್ಳಲು ಆಗುವುದಿಲ್ಲ. ಒಂದೂವರೆ ಮೀಟರಿಗಿಂತ ಆಳದ ಕಂದಕಕ್ಕೆ ಹಲಗೆ, ಆನಿಕೆ ಕೊಟ್ಟು ಭದ್ರ ಮಾಡಬೇಕು ಎಂದು ಭಾರತೀಯ ಮಾನಕದಲ್ಲೇ ಇದೆ, ಐಎಸ್ 3764. ಥರ್ಟಿ ಫಾರ್ಟಿ ಸೈಟಿನಲ್ಲಿ ಹಾಗೆ ಮಾಡಿದ್ದನ್ನು ನಾನು ಒಂದು ಸಲವೂ ನೋಡಿಲ್ಲ. ಅಗೆದ ಮಣ್ಣನ್ನೂ ಗುಂಡಿಯ ಅಂಚಿಗೇ ರಾಶಿ ಹಾಕುತ್ತೇವೆ, ದೂರ ಸಾಗಿಸಲು ಜಾಗ ಇಲ್ಲ ಅಂತ.

ಮೂರನೆಯದು ಕರೆಂಟು. ಕಂಬಿ ಅಂಗಡಿಯಿಂದ ಬರುವುದು 12 ಮೀಟರ್, ನಮ್ಮ ಲೆಕ್ಕದಲ್ಲಿ ನಲವತ್ತು ಅಡಿ. ಅದನ್ನು ರಸ್ತೆಯಿಂದ ಎರಡನೇ ಮಹಡಿಗೆ ಎಳೆದುಕೊಳ್ಳುವಾಗ ಮೇಲಿನವನು ತುದಿ ಹಿಡಿದು ತಿರುಗಿಸಲೇಬೇಕು. ರಸ್ತೆ ಇಪ್ಪತ್ತು ಅಡಿ. ರಸ್ತೆ ಅಂಚಿನಲ್ಲಿ 11 ಕೆವಿ (ಹನ್ನೊಂದು ಸಾವಿರ ವೋಲ್ಟ್) ಲೈನ್. ಕಂಬಿಗೆ ಲೈನ್ ತಗುಲಬೇಕು ಅಂತ ಕೂಡ ಇಲ್ಲ, ತೀರಾ ಹತ್ತಿರ ಹೋದರೆ ಸಾಕು. ಲೈನಿನಿಂದ ಕಟ್ಟಡಕ್ಕೆ ಅಡ್ಡಲಾಗಿ ಕನಿಷ್ಠ 1.2 ಮೀಟರ್ ಅಂತರ ಬೇಕೆಂಬ ನಿಯಮ ಇದೆ. ನಮ್ಮ ಬೀದಿಗಳಲ್ಲಿ ಮೊದಲನೇ ಮಹಡಿಯನ್ನು ಎರಡು ಮೂರು ಅಡಿ ರಸ್ತೆಗೆ ಚಾಚಿ ಕಟ್ಟಿದ ಮೇಲೆ ಆ ಅಂತರ ಎಲ್ಲಿ ಉಳಿಯುತ್ತದೆ? ಇದಲ್ಲದೆ ನೀರಿನ ಮೋಟಾರು, ವೈಬ್ರೇಟರ್, ಕಟಿಂಗ್ ಮಿಷನ್ನು, ಇವೆಲ್ಲದರ ವೈರು ಒದ್ದೆ ನೆಲದ ಮೇಲೆ ಬಿದ್ದಿರುತ್ತದೆ. ಸುಲಿದ ಜಾಗಕ್ಕೆ ಸಿಮೆಂಟ್ ಚೀಲದ ತುಂಡು ಸುತ್ತಿರುತ್ತಾರೆ. ಪ್ಲಗ್ ಇರುವುದಿಲ್ಲ, ಬರಿಯ ವೈರಿನ ತುದಿಯನ್ನು ಬೆಂಕಿಕಡ್ಡಿ ಚುಚ್ಚಿ ಸಾಕೆಟ್ಟಿಗೆ ಸಿಕ್ಕಿಸುತ್ತಾರೆ.

ಸೆಂಟ್ರಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇಲ್ಲಿ ದುಡ್ಡಿನ ಲೆಕ್ಕ ನೇರವಾಗಿ ಜೀವಕ್ಕೆ ಬರುತ್ತದೆ. ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟ್, ಹಾಕುವ ದಿನ ಮಾಲೀಕರು ಮಿಕ್ಸರ್‌ಗೆ ಪೂಜೆ ಮಾಡಿಸಿ, ತೆಂಗಿನಕಾಯಿ ಒಡೆದು, ಎಲ್ಲರಿಗೂ ಊಟ ಹಾಕುತ್ತಾರೆ. ಒಳ್ಳೆಯ ಪದ್ಧತಿ, ನಾನೂ ಕೈಮುಗಿಯುತ್ತೇನೆ. ಅದೇ ಮನಸ್ಸಿನಿಂದ ಕೆಳಗಿಳಿದು, ಸ್ಲ್ಯಾಬಿಗೆ ಆನಿಕೆಯಾಗಿ ನಿಲ್ಲಿಸಿದ ಒಂದೊಂದು ಜಾಕಿಯನ್ನೂ ಮುಟ್ಟಿ ನೋಡುವವರು ಬೇಕು. ಜಾಕಿಯ ಬುಡ ಹಸಿ ಮಣ್ಣಿನ ಮೇಲಿದೆಯಾ, ಹಲಗೆಯ ಮೇಲಿದೆಯಾ? ಅಡ್ಡ ಬಿಗಿದಿದ್ದಾರಾ? ಇಟ್ಟಿಗೆಯ ತುಂಡು ಕೊಟ್ಟು ಎತ್ತರ ಸರಿ ಮಾಡಿದ್ದಾರಾ? ಒಂದು ಜಾಕಿ ಜಾರಿದರೆ ಅದರ ಭಾರ ಪಕ್ಕದ್ದಕ್ಕೆ ಹೋಗುತ್ತದೆ, ಅದು ಜಾರಿದರೆ ಮುಂದಿನದಕ್ಕೆ. ಹಸಿ ಕಾಂಕ್ರೀಟ್ ಸಮೇತ ಇಡೀ ಮೋಲ್ಡ್ ಕೆಳಗೆ ಬರುತ್ತದೆ.

ಅದು ನಿಂತಿತು ಅನ್ನಿ. ಆಮೇಲೆ ಬಿಚ್ಚುವ ಅವಸರ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ, ಆಧಾರದಿಂದ ಆಧಾರಕ್ಕೆ ನಾಲ್ಕೂವರೆ ಮೀಟರ್ ಒಳಗಿನ ಸ್ಲ್ಯಾಬಿಗೆ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ ಆನಿಕೆ ಇರಲೇಬೇಕು. ಬೀಮಿಗೆ 14 ದಿನ, ಆರು ಮೀಟರ್ ದಾಟಿದರೆ 21. ಆದರೆ ಜಾಕಿ, ಶೀಟು ಎಲ್ಲಾ ಬಾಡಿಗೆ. ದಿನದ ಲೆಕ್ಕ. ಸೆಂಟ್ರಿಂಗ್‌ನವರಿಗೆ ಕೂಲಿ ಚದರಡಿ ಲೆಕ್ಕ. ಅದೇ ಶೀಟು ಮುಂದಿನ ಸೈಟಿಗೆ ಹೋಗಬೇಕು. ಹತ್ತನೇ ದಿನಕ್ಕೇ ಬೀಮಿನದ್ದೂ ಬಿಚ್ಚಿಸಿ ಅಂತ ಫೋನ್ ಬರುತ್ತದೆ. ಬಿಚ್ಚುವ ಹುಡುಗ ಸ್ಲ್ಯಾಬಿನ ಕೆಳಗೇ ನಿಂತು ಸುತ್ತಿಗೆಯಲ್ಲಿ ಹೊಡೆಯುತ್ತಾನೆ.

ಸಂಪಿನ, ಅಂದರೆ ನೆಲದೊಳಗಿನ ನೀರಿನ ತೊಟ್ಟಿಯ, ಸಾವು ಇನ್ನೊಂದು ಬಗೆ. ಸಂಪಿಗೆ ಮೋಲ್ಡ್ ಹಾಕಿ ಎರಡು ವಾರ ಮುಚ್ಚಿಟ್ಟಿರುತ್ತಾರೆ. ಒಳಗೆ ನೀರು, ಒದ್ದೆ ಮರ, ಗಾಳಿ ಓಡಾಡುವುದಿಲ್ಲ. ಮರ ಕೊಳೆಯುತ್ತಾ ಒಳಗಿನ ಆಮ್ಲಜನಕವನ್ನು ತಿಂದುಬಿಟ್ಟಿರುತ್ತದೆ. ಸೆಂಟ್ರಿಂಗ್ ಬಿಚ್ಚಲು ಇಳಿದವನು ಕೂಗಲೂ ಆಗದೆ ಕುಸಿಯುತ್ತಾನೆ. ಅವನನ್ನು ಎತ್ತಲು ತಮ್ಮನೋ ಭಾವನೋ ಇಳಿಯುತ್ತಾನೆ, ಅವನೂ ಅಲ್ಲೇ. ಹಿಂದಿನ ರಾತ್ರಿಯೇ ಮುಚ್ಚಳ ತೆಗೆದಿಟ್ಟು, ಬ್ಲೋವರ್‌ನಿಂದ ಗಾಳಿ ಹಾಯಿಸಿ, ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರು ಹಿಡಿದು ನಿಂತರೆ ಇದು ಆಗುವುದಿಲ್ಲ. ಇನ್ನು ತೆರೆದ ಸಂಪಿಗೆ ಬೀಳುವ ಕೂಲಿಯವರ ಮಕ್ಕಳು. ಆ ವಿಷಯ ಬರೆಯಲು ನನ್ನಿಂದ ಆಗುವುದಿಲ್ಲ.

ದೊಡ್ಡ ದುರಂತಗಳು ನಿಮ್ಮ ಗಮನಕ್ಕೆ ಬಂದೇ ಬಂದಿರುತ್ತವೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. 2023ರ ಜನವರಿ 10ರಂದು ನಾಗವಾರದ ಹತ್ತಿರ ಮೆಟ್ರೊ ಕಂಬದ ಕಂಬಿ ಪಂಜರ ರಸ್ತೆಗೆ ಬಿದ್ದು ಸ್ಕೂಟರಿನಲ್ಲಿ ಹೋಗುತ್ತಿದ್ದ ತಾಯಿ, ಪುಟ್ಟ ಮಗು ಹೋದರು. 2024ರ ಅಕ್ಟೋಬರ್ 22ರಂದು ಮಳೆಯ ನಡುವೆ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡವೇ ಕಾರ್ಮಿಕರ ಮೇಲೆ ಬಿತ್ತು. ಆಗೆಲ್ಲ ಸಚಿವರು ಬಂದರು, ತನಿಖೆ ಆಯಿತು, ಪರಿಹಾರ ಘೋಷಣೆಯಾಯಿತು. ನನ್ನ ಪತ್ರ ಅವರ ಬಗ್ಗೆ ಅಲ್ಲ. ಒಂದು ಸೈಟಿನಲ್ಲಿ ಒಬ್ಬ, ಇನ್ನೊಂದರಲ್ಲಿ ಒಬ್ಬ, ಹೀಗೆ ಒಬ್ಬೊಬ್ಬರಾಗಿ ಹೋಗುವವರ ಬಗ್ಗೆ. ಅಲ್ಲಿಗೆ ಯಾರೂ ಬರುವುದಿಲ್ಲ.

ಯಾಕೆ ಬರುವುದಿಲ್ಲ ಎಂದರೆ, ಕಾನೂನಿನ ಬಾಗಿಲೇ ಎತ್ತರದಲ್ಲಿದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹತ್ತು ಜನರಿಗಿಂತ ಕಡಿಮೆ ಇದ್ದ ಕಡೆ ಅನ್ವಯಿಸುತ್ತಿರಲಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಅದೇ ಹತ್ತು. ಸುರಕ್ಷತಾ ಅಧಿಕಾರಿ ಬೇಕಾಗುವುದು 250 ಕಾರ್ಮಿಕರು ಇದ್ದಾಗ. ನಮ್ಮ ಸೈಟಿನಲ್ಲಿ ಕಂಬಿ ಕಟ್ಟುವವರು ಐದು ಜನ ಒಬ್ಬ ಮೇಸ್ತ್ರಿಯ ಕೆಳಗೆ, ಸೆಂಟ್ರಿಂಗ್‌ನವರು ಆರು ಜನ ಇನ್ನೊಬ್ಬನ ಕೆಳಗೆ, ಗಾರೆಯವರು ಏಳು ಜನ ಮತ್ತೊಬ್ಬನ ಕೆಳಗೆ. ಯಾರ ಪುಸ್ತಕದಲ್ಲೂ ಹತ್ತು ಹೆಸರು ಸಿಗುವುದಿಲ್ಲ. ಆದರೆ ಅದೇ ಸ್ಲ್ಯಾಬಿನ ಮೇಲೆ ಹದಿನೆಂಟು ಜನ ಇರುತ್ತಾರೆ.

ದಂಡದ ವಿಷಯದಲ್ಲಿ ಹೊಸ ಸಂಹಿತೆ ಗಟ್ಟಿಯಾಗಿದೆ, ಅದನ್ನು ಮೆಚ್ಚುತ್ತೇನೆ. ಹಳೆಯ ಕಾಯ್ದೆಯಲ್ಲಿ ಸುರಕ್ಷತೆಯ ನಿಯಮ ಮುರಿದವನಿಗೆ ಹೆಚ್ಚೆಂದರೆ ಮೂರು ತಿಂಗಳ ಜೈಲು ಅಥವಾ 2,000 ರೂಪಾಯಿ ದಂಡ, ಇಲ್ಲವೇ ಎರಡೂ. ಈಗ ಸಾವು ಸಂಭವಿಸಿದರೆ ಎರಡು ವರ್ಷದವರೆಗೆ ಜೈಲು, ಅಥವಾ 5 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಆ ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಸತ್ತವನ ಮನೆಯವರಿಗೆ ಕೊಡಿಸುವ ಅಧಿಕಾರ ಕೋರ್ಟಿಗಿದೆ. ಆದರೆ ‘ಆಯತಪ್ಪಿ’ ಎಂದು ಮೊದಲ ದಿನವೇ ಬರೆದುಬಿಟ್ಟರೆ ಆ ಕಲಂ ಹಚ್ಚುವವರು ಯಾರು?

ಪರಿಹಾರದ ಕಥೆಯೂ ಕೇಳಿ. ಆ ಹುಡುಗನ ಹೆಂಡತಿಗೆ ಅವತ್ತು ರಾತ್ರಿಯೇ ಮೂರು ಲಕ್ಷ ಕೊಟ್ಟು, ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು, ಆಂಬುಲೆನ್ಸಿನಲ್ಲಿ ಊರಿಗೆ ಕಳುಹಿಸಿದರು. ನಾನು ಅಲ್ಲೇ ನಿಂತಿದ್ದೆ. ಕೊಟ್ಟವರು ಒಳ್ಳೆಯವರು ಅಂತಲೇ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಪ್ರಕಾರ 26 ವಯಸ್ಸಿನವನ ಸಾವಿಗೆ, ತಿಂಗಳ ಕೂಲಿ 15,000 ಎಂದು ಹಿಡಿದರೂ, 16 ಲಕ್ಷ ದಾಟುತ್ತದೆ. ಅದನ್ನು ಪರಿಹಾರ ಆಯುಕ್ತರ ಬಳಿ ಠೇವಣಿ ಇಡಬೇಕಿತ್ತು. ನೇರವಾಗಿ ಕೈಗೆ ಕೊಟ್ಟದ್ದು ಕಾಯ್ದೆಯ ಲೆಕ್ಕಕ್ಕೇ ಬರುವುದಿಲ್ಲ. ಅವಳಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ. ಹೇಳಬಹುದಾಗಿದ್ದ ನನಗೇ ಗೊತ್ತಿರಲಿಲ್ಲ.

“ಕಾರ್ಮಿಕರೇ ಹೆಲ್ಮೆಟ್ ಹಾಕಲ್ಲ ಸಾರ್, ನಾವೇನು ಮಾಡೋಣ” ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ನಾನೂ ಆಡಿದ್ದೇನೆ. ಆದರೆ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಇದೇ ರಾಯಚೂರು, ಯಾದಗಿರಿಯವರು, ಇದೇ ಬಿಹಾರ, ಒಡಿಶಾದವರು ಗೇಟಿನಲ್ಲೇ ಹೆಲ್ಮೆಟ್, ಶೂ ಹಾಕಿಕೊಂಡು ಒಳಗೆ ಬರುತ್ತಿದ್ದರು. ಹಾಕದವನನ್ನು ಗೇಟು ದಾಟಿಸುತ್ತಿರಲಿಲ್ಲ, ಅಷ್ಟೇ. ಮನುಷ್ಯರು ಅವರೇ, ಸೈಟು ಬೇರೆ.

ಹಾಗಾಗಿ ನನ್ನ ಕೋರಿಕೆ ಇದು. ಸಣ್ಣ ಸೈಟಿಗೂ ಒಂದು ಗೇಟು ಮಾಡಿ. ಪ್ಲ್ಯಾನ್ ಮಂಜೂರಾತಿ ಇಲ್ಲದೆ ಕಟ್ಟುವ ಹಾಗಿಲ್ಲ, ಕೆಲಸಕ್ಕೆ ತಾತ್ಕಾಲಿಕ ಕರೆಂಟ್ ಬೇಕೇ ಬೇಕು. ಓಸಿ, ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಎಂಬ ಸ್ವಾಧೀನ ಪತ್ರ, ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ಏನಾಯಿತು ನೋಡಿದಿರಲ್ಲ? ಅಲ್ಲಿಯವರೆಗೆ ಓಸಿ ಎಂದರೇನು ಎಂದು ಕೇಳದಿದ್ದ ಮಾಲೀಕರೆಲ್ಲ ಅದಕ್ಕಾಗಿ ಅಲೆದಾಡಿದರು. ಕನೆಕ್ಷನ್ ಕೈತಪ್ಪುತ್ತದೆ ಎಂದರೆ ಎಲ್ಲರೂ ನಿಯಮ ಕಲಿಯುತ್ತಾರೆ. ಆದ್ದರಿಂದ ನಗರಾಭಿವೃದ್ಧಿ, ಇಂಧನ ಇಲಾಖೆಗಳ ಜೊತೆ ಕೂತು, ಪಾಯ ಅಗೆಯುವಾಗ, ಪ್ರತಿ ಮೋಲ್ಡಿನ ಮೊದಲು, ಹೊರಗಿನ ಸಾರವೆ ಕಟ್ಟಿದ ಮೇಲೆ, ಈ ಮೂರು ಹೊತ್ತಿನಲ್ಲಿ ಒಬ್ಬ ಎಂಜಿನಿಯರ್ ಬಂದು ನೋಡಿ ಸಹಿ ಹಾಕುವುದನ್ನು ಕಡ್ಡಾಯ ಮಾಡಿ. ಆ ಸಹಿ ಇಲ್ಲದೆ ಓಸಿ ಸಿಗಬಾರದು. ತಾತ್ಕಾಲಿಕ ಕರೆಂಟ್ ಕೊಡುವಾಗಲೇ ಶಾಕ್ ಹೊಡೆದರೆ ತಟ್ಟನೆ ಕಟ್ ಆಗುವ ಆರ್‌ಸಿಸಿಬಿ ಇದೆಯಾ ಎಂದು ನೋಡಲಿ. ಎರಡು ಮೂರು ಸಾವಿರದ ವಸ್ತು ಅದು.

ಹತ್ತು ಜನರ ಲೆಕ್ಕವನ್ನು ಮೇಸ್ತ್ರಿಯ ಪುಸ್ತಕದಿಂದ ತೆಗೆದು ಸೈಟಿನ ಲೆಕ್ಕಕ್ಕೆ ತನ್ನಿ. ಕಟ್ಟಿಸುವ ಮಾಲೀಕನೇ ಹೊಣೆ ಎಂದು ಮಂಜೂರಾತಿ ಪತ್ರದಲ್ಲೇ ಅಚ್ಚು ಹಾಕಿಸಿ.

ಸೆಸ್ ಹಣದ ಬಗ್ಗೆ ಒಂದು ಮಾತು. ಕಟ್ಟಡದ ವೆಚ್ಚದ ಶೇ 1ರಷ್ಟು ಕಲ್ಯಾಣ ಮಂಡಳಿಗೆ ಬರುತ್ತದೆ. ಒಂದು ಕೋಟಿಯ ಕಟ್ಟಡಕ್ಕೆ ಒಂದು ಲಕ್ಷ. ಮಂಡಳಿ ಮಕ್ಕಳ ಓದಿಗೆ, ಮದುವೆಗೆ, ಹೆರಿಗೆಗೆ ನೆರವು ಕೊಡುತ್ತದೆ, ಸತ್ತರೆ ಪರಿಹಾರವನ್ನೂ ಕೊಡುತ್ತದೆ. ಬದುಕಿರುವಾಗಲೇ ಕಾಯುವುದಕ್ಕೂ ಅದರಲ್ಲಿ ಒಂದು ಪಾಲು ಇಡಿ. ವಾರ್ಡಿಗೊಂದು ಕಡೆ ಸುರಕ್ಷತಾ ಬಲೆ, ಬೆಲ್ಟು, ಅಡ್ಡಗಂಬಿ, ಸಂಪಿಗೆ ಗಾಳಿ ಹಾಯಿಸುವ ಬ್ಲೋವರ್ ಬಾಡಿಗೆ ಇಲ್ಲದೆ ಸಿಗಲಿ. ಜಾಕಿ ತರಲು ಹೋಗುವ ಮೇಸ್ತ್ರಿ ಅದನ್ನೂ ತರುತ್ತಾನೆ. ಮಂಡಳಿಯ ಕಾರ್ಡು ಮಾಡಿಸಲು ಕೂಲಿಯವರನ್ನು ಕಚೇರಿಗೆ ಅಲೆಸಬೇಡಿ. ಬೆಳಗ್ಗೆ ಏಳಕ್ಕೆ ಅವರು ಕೂಲಿಗೆ ನಿಲ್ಲುವ ಸರ್ಕಲ್ಲಿಗೇ ನಿಮ್ಮವರು ಬರಲಿ. ಒಂದು ದಿನ ಕಚೇರಿಗೆ ಹೋದರೆ ಅವರಿಗೆ ಆ ದಿನದ ಕೂಲಿ ಇಲ್ಲ.

ಕೊನೆಯದಾಗಿ, ಪ್ರತಿಯೊಂದು ಸಾವಿನ ಕಾರಣವನ್ನೂ ಬರೆದಿಡಿ, ಎಲ್ಲರಿಗೂ ಕಾಣುವ ಹಾಗೆ ಹಾಕಿ. ಹೆಸರು ಬೇಡ. ಯಾವ ತಾಲ್ಲೂಕು, ಎಷ್ಟನೇ ಮಹಡಿ, ಅಂಚಿಗೆ ತಡೆ ಇತ್ತಾ ಇರಲಿಲ್ಲವಾ, ಗುಂಡಿ ಎಷ್ಟು ಆಳ, ಆನಿಕೆ ಇತ್ತಾ, ಮೋಲ್ಡ್ ಹಾಕಿ ಎಷ್ಟು ದಿನಕ್ಕೆ ಬಿಚ್ಚಿದರು. ‘ಆಯತಪ್ಪಿ’ ಎಂಬ ಪದವನ್ನು ನಿಮ್ಮ ಇಲಾಖೆಯ ಒಂದು ವರದಿಯಲ್ಲೂ ಒಪ್ಪಿಕೊಳ್ಳಬೇಡಿ.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಮನೆ ಏಳುತ್ತಿದೆ. ನನ್ನ ಸೈಟಲ್ಲ. ಬರುವ ಭಾನುವಾರ ಎರಡನೇ ಮೋಲ್ಡ್ ಅಂತೆ. ನಿನ್ನೆ ಸಂಜೆ ಹೋಗಿ ನೋಡಿದೆ. ಹಿಂದುಗಡೆಯ ನಾಲ್ಕು ಜಾಕಿಗಳ ಬುಡದಲ್ಲಿ ಇಟ್ಟಿಗೆಯ ತುಂಡು ಇದೆ, ರಸ್ತೆ ಕಡೆಯ ಅಂಚಿಗೆ ಏನೂ ಕಟ್ಟಿಲ್ಲ. ಮೇಸ್ತ್ರಿಗೆ ಹೇಳಿದ್ದೇನೆ, “ಆಯ್ತಣ್ಣ, ನೋಡ್ತೀನಿ” ಅಂದಿದ್ದಾನೆ. ಶನಿವಾರ ಮತ್ತೆ ಹೋಗುತ್ತೇನೆ. ನಿಮ್ಮ ಇನ್‌ಸ್ಪೆಕ್ಟರ್ ಒಬ್ಬರನ್ನೂ ಕಳುಹಿಸಿಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಸೈಟ್ ಸೂಪರ್‌ವೈಸರ್, ಬೆಂಗಳೂರು